ಎಡಗಡೆಯ ಸೀಟು

ವ್ಯಾನಿನ ಎಡಗಡೆಯ ಕನ್ನಡಿಗೆ ಎರಡು ದಿನದ ಡೀಸೆಲ್ಲಿನಷ್ಟು ಖರ್ಚು. ಎಡಗಡೆಯ ದೀಪಕ್ಕೆ ಅದರ ಅರ್ಧ. ಎಡಗಡೆಯ ಬಾಗಿಲಿನ ನೆಗ್ಗು ತಟ್ಟಿಸಿ ಬಣ್ಣ ಹೊಡೆಸಿದ್ದಕ್ಕೆ ಒಂದು ವಾರದ ತರಕಾರಿ ದುಡ್ಡು. ಪಕ್ಕದ ಮನೆಯ ಕಾಂಪೌಂಡಿನ ಮೂಲೆ ಕಿತ್ತುಬಂದದ್ದಕ್ಕೆ ಸಿಮೆಂಟು, ಗಾರೆಯವನ ಅರ್ಧ ದಿನದ ಕೂಲಿ, ಆ ಮನೆಯಾಕೆಯ ಬೈಗುಳ ಬೇರೆ. ಇವಲ್ಲದೆ ಕಣ್ಣಿಗೆ ಹಾಕುವ ಹನಿ ಔಷಧ. ಸೀಸೆ ಹೆಬ್ಬೆರಳಿನಷ್ಟು, ಬೆಲೆ ಅರ್ಧ ಮೂಟೆ ಅಕ್ಕಿಯದು.

ರಿಪೇರಿ ಖರ್ಚೆಲ್ಲ ಎಡಗಡೆಯದೇ ಎಂಬುದನ್ನು ಮನೆಯಲ್ಲಿ ಗಮನಿಸಿದ್ದವಳು ಬ್ರೆಡ್ಡಕ್ಕ ಒಬ್ಬಳೇ. ಅವಳ ಗಂಡ ಬೇಕರಿಯ ಬ್ರೆಡ್ಡು ಬನ್ನುಗಳನ್ನು ಸ್ವಂತ ವ್ಯಾನಿನಲ್ಲಿ ಅಂಗಡಿ ಅಂಗಡಿಗೆ ಹಾಕುವವನು. ಬೀದಿಯವರ ಬಾಯಲ್ಲಿ ಅವನು ಬ್ರೆಡ್ಡಣ್ಣ ಆಗಿ ಎಷ್ಟೋ ಕಾಲವಾಗಿತ್ತು. ಆ ಲೆಕ್ಕದಲ್ಲಿ ಅವಳು ಬ್ರೆಡ್ಡಕ್ಕ. ಅವರ ಮನೆಯಲ್ಲಿ ಮಾತ್ರ ಯಾರೂ ಬ್ರೆಡ್ಡು ತಿನ್ನುತ್ತಿರಲಿಲ್ಲ. ಅವನ ಅಂಗಿಯ ವಾಸನೆಯೇ ಹೊಟ್ಟೆ ತುಂಬಿಸುತ್ತಿತ್ತು.

ಕೆಲವು ತಿಂಗಳ ಹಿಂದೆ ಕಣ್ಣಿನ ಡಾಕ್ಟರು ಅವನನ್ನು ಒಂದು ಯಂತ್ರದ ಮುಂದೆ ಕೂರಿಸಿ, ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತು ಎಂದಿದ್ದರು. ಅವನು ಒತ್ತಿದ್ದು ಕಡಿಮೆ, ಸುಮ್ಮನೆ ಕೂತದ್ದೇ ಹೆಚ್ಚು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆ, ಎಡಗಣ್ಣು ಮುಗಿದ ಹಾಗೆಯೇ, ಬಲಗಣ್ಣಿಗೂ ಎದುರಿನದಷ್ಟೇ ಕೊಳವೆಯಲ್ಲಿ ನೋಡಿದಂತೆ ಕಾಣುತ್ತದೆ ಎಂದರು.

"ಹೋದದ್ದು ಬರಲ್ಲ. ಔಷಧ ತಪ್ಪಿಸದೆ ಹಾಕಿದ್ರೆ ಇರೋದು ಉಳಿಯುತ್ತೆ. ಗಾಡಿ ಮಾತ್ರ ಇವತ್ತಿಂದಲೇ ಬಿಡ್ಬೇಕು."

ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಬ್ರೆಡ್ಡಣ್ಣ ಹೆಂಡತಿಯ ತೋಳು ಹಿಡಿದು ನಿಲ್ಲಿಸಿದ.

"ಆ ಕೊನೇ ಮಾತು ಮನೇಲಿ ಹೇಳೋದು ಬೇಡ."

"ಮತ್ತೆ?"

"ವರ್ಷದ ಕೊನೆ ರಜೆ ಮುಗೀಲಿ. ಆ ದಿನಗಳಲ್ಲಿ ಎರಡರಷ್ಟು ಮಾಲು ಹೋಗುತ್ತೆ. ಒಂದು ದಿನಾನೂ ತಪ್ಪಿಸದವನಿಗೆ ಬೇಕರಿ ಯಜಮಾನ ಒಂದು ತಿಂಗಳ ಗಾಡಿ ಬಾಡಿಗೆ ಹೆಚ್ಚಿಗೆ ಕೊಡ್ತಾನೆ. ಅದನ್ನ ಈಸ್ಕೊಂಡು ಬಿಟ್ಟುಬಿಡ್ತೀನಿ. ಅಲ್ಲೀವರೆಗೆ ನೀನು ಪಕ್ಕದಲ್ಲಿ ಕೂತ್ಕೋ. ಎದುರುಗಡೆ ನಾನು ನೋಡ್ತೀನಿ, ಎಡಗಡೆ ನೀನು ನೋಡು. ಇಷ್ಟು ವರ್ಷ ಸಂಸಾರ ಮಾಡಿದ್ದೂ ಹೀಗೇ ತಾನೇ?"

"ಸಂಸಾರಕ್ಕೆ ಬ್ರೇಕಾದ್ರೂ ಎಲ್ಲಿತ್ತು?" ಎಂದು ಅವಳು ನಕ್ಕುಬಿಟ್ಟಳು. ನಕ್ಕದ್ದೇ ಒಪ್ಪಿದ ಹಾಗಾಯಿತು.

ಅಂದಿನಿಂದ ನಸುಕಿನಲ್ಲೇ ಅವಳು ವ್ಯಾನು ಹತ್ತುತ್ತಿದ್ದಳು. ಮಡಿಲಲ್ಲಿ ಒಂದು ಬುಟ್ಟಿ, ಸುಲಿಯಲು ಬಟಾಣಿಯೋ ಬೆಳ್ಳುಳ್ಳಿಯೋ. ಕೈ ಅದರ ಪಾಡಿಗೆ ಸುಲಿಯುತ್ತಿರುತ್ತಿತ್ತು, ಬಾಯಿ ಎಡಗಡೆಯದನ್ನೆಲ್ಲ ಹೇಳುತ್ತಿರುತ್ತಿತ್ತು. "ಹಾಲಿನ ಗಾಡಿ. ನಿಂತಿದೆ, ನಡೀರಿ. ನಾಯಿ. ಅಜ್ಜಿ, ಕೋಲು. ಇರಿ, ಇರಿ, ದಾಟಲಿ. ಹ್ಞಾಂ, ಹೋದ್ಲು." ಬ್ರೆಡ್ಡಣ್ಣ ಪ್ರತಿಯೊಂದಕ್ಕೂ "ಹ್ಞೂಂ" ಅನ್ನುವನು. ಹ್ಞೂಂ ಬರುವವರೆಗೆ ಅವಳು ಮುಂದಿನ ಮಾತಿಗೆ ಹೋಗುತ್ತಿರಲಿಲ್ಲ. ಅಂಗಡಿಯವರು ಕಿಟಕಿಯಲ್ಲಿ ಬಗ್ಗಿ, "ಏನಕ್ಕಾ, ಹೊಸದಾಗಿ ಮದುವೆ ಆದವರ ಥರ ಇಡೀ ದಾರಿ ಮಾತಾ?" ಎಂದು ಕಿಚಾಯಿಸುವರು. "ಹೂಂ ಕಣಪ್ಪಾ, ಮನೇಲಿ ಸೊಸೆ ಮಾತಾಡೋಕೆ ಬಿಡಲ್ಲ," ಅನ್ನುವಳು ಅವಳು.

ಆ ಮಾತು ಹೇಗೋ ಸೊಸೆಯ ಕಿವಿಗೂ ಬಿತ್ತು.

ಸೊಸೆ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವವಳು. ರಜೆಗಾಲ ಬಂತೆಂದರೆ ಅವಳ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಅತ್ತೆ ವ್ಯಾನು ಹತ್ತತೊಡಗಿದ ಮೇಲೆ ಬೆಳಗಿನ ಒಲೆ, ನೀರು, ಮಗಳ ಜಡೆ, ಗಂಡನ ಡಬ್ಬಿ ಎಲ್ಲ ಅವಳ ಪಾಲಿಗೆ ಬಂದಿದ್ದವು. ಅವಳ ಗಂಡ, ಎಂದರೆ ಬ್ರೆಡ್ಡಕ್ಕನ ಮಗ, ಟೈರು ಅಂಗಡಿಯಲ್ಲಿ ದುಡಿಯುವವನು. ಅಪ್ಪನ ವ್ಯಾನಿನ ನೆಗ್ಗು ಕಂಡಾಗಲೆಲ್ಲ, "ಅಪ್ಪಾ, ವಯಸ್ಸಾಯ್ತು, ನಿಧಾನಕ್ಕೆ ಓಡ್ಸಿ," ಎಂದು ಹೇಳಿ ಮರೆತುಬಿಡುತ್ತಿದ್ದ.

ಶಾಲೆಗಳು ಮುಚ್ಚಿದವು. ಬೆಳಗಾಗುವುದೇ ತಡ, ಬೀದಿ ತುಂಬ ಮಕ್ಕಳು. ಚೆಂಡು, ಸೈಕಲ್ಲು, ಓಟ. ಬ್ರೆಡ್ಡಕ್ಕನ ಬಾಯಿಗೆ ಬಿಡುವೇ ಇರಲಿಲ್ಲ. ಮನೆಗೆ ಬರುವ ಹೊತ್ತಿಗೆ ಗಂಟಲು ಕಟ್ಟಿ, ಎರಡು ಲೋಟ ಬಿಸಿನೀರು ಕುಡಿದರೂ ದನಿ ಏಳುತ್ತಿರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಮೊಮ್ಮಗಳು ಪುಟ್ಟಿ ತಾತನ ತಟ್ಟೆಯ ಬಳಿ ಜರುಗಿದಳು.

"ತಾತಾ, ರಜೇಲಿ ಒಂದಿನ ವ್ಯಾನಲ್ಲಿ ಕರ್ಕೊಂಡು ಹೋಗ್ತೀನಿ ಅಂದಿದ್ರಿ."

"ಹೋಗೋಣ. ನಾಳಿದ್ದು."

"ಬೇಡ, ಚಳಿ," ಎಂದಳು ಬ್ರೆಡ್ಡಕ್ಕ.

"ಸ್ವೆಟರ್ ಹಾಕಿ ಕಳಿಸ್ತೀನಿ ಬಿಡಿ," ಎಂದಳು ಸೊಸೆ.

"ಮುಂದೆ ಇರೋದು ಒಂದೇ ಸೀಟು."

"ಒಂದು ದಿನ ನೀವು ಮನೇಲಿರಿ ಅತ್ತೆ. ನನಗೂ ಒಂದು ದಿನ ಯಾರಾದ್ರೂ ಕಾಫಿ ಮಾಡಿಕೊಟ್ಟ ಹಾಗಾಗುತ್ತೆ."

"ಆಗಲ್ಲ. ನಾನಿರಲೇಬೇಕು."

ಸೊಸೆ ನೀರಿನ ಲೋಟ ಕುಕ್ಕಿದಳು. "ಅಲ್ಲ, ನಾನೂ ನೋಡ್ತಾನೇ ಇದೀನಿ. ಇಲ್ಲಿ ನಾನು ಎರಡು ಕೈಯಲ್ಲಿ ನಾಲ್ಕು ಕೆಲಸ ಮಾಡ್ಕೊಂಡು ಸಾಯ್ತಿರ್ತೀನಿ. ನೀವು ಮಹಾರಾಣಿ ಥರ ಊರು ಸುತ್ಕೊಂಡು, ಸೊಸೆ ಬಾಯಿ ಬಿಡೋಕೆ ಬಿಡಲ್ಲ ಅಂತ ಅಂಗಡಿ ಅಂಗಡೀಲಿ ಡಂಗೂರ ಹೊಡೀತೀರ. ಈ ವಯಸ್ಸಲ್ಲಿ ಗಂಡನ ಪಕ್ಕದ ಸೀಟು ಮೊಮ್ಮಗಳಿಗೂ ಬಿಟ್ಟುಕೊಡೋಕಾಗಲ್ವಾ?"

ಮಗ ತುತ್ತು ನೆತ್ತಿಗೇರುವಷ್ಟು ನಕ್ಕ. ಬ್ರೆಡ್ಡಣ್ಣ ತಟ್ಟೆಯ ನಡುವನ್ನೇ ನೋಡುತ್ತಿದ್ದ. ತಟ್ಟೆಯ ಎಡಭಾಗದ ಪಲ್ಯ ಹಾಗೇ ಉಳಿದಿತ್ತು. ಬ್ರೆಡ್ಡಕ್ಕ ಮಾತಿಲ್ಲದೆ ಅವನ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದಳು. ಅದನ್ನು ಯಾರೂ ಗಮನಿಸಲಿಲ್ಲ.

ಪಾತ್ರೆ ತೊಳೆಯುವಾಗ ಗಂಡ ಹಿತ್ತಲಿಗೆ ಬಂದ.

"ಒಂದು ದಿನ ತಾನೇ. ಪುಟ್ಟಿ ಕಣ್ಣು ಚುರುಕು. ಆಟ ಅಂತ ಹೇಳ್ತೀನಿ. ಎಡಗಡೆ ಏನು ಕಂಡ್ರೂ ಕೂಗಬೇಕು, ಎಲ್ಲಾನೂ ಕೂಗಿದ್ರೆ ಕೇಕು. ಅವಳು ನಿನಗಿಂತ ಚೆನ್ನಾಗೇ ಕೂಗ್ತಾಳೆ."

ಅವಳು ಬಾಣಲೆ ಕೆಳಗಿಟ್ಟಳು. "ನಿಮಗೆ ತಲೆ ಕೆಟ್ಟಿದೆಯಾ?"

"ಕೆಟ್ಟಿರೋದು ಕಣ್ಣು. ತಲೆ ಚೆನ್ನಾಗೇ ಇದೆ."

"ಆ ಮಗು ಏನಾದ್ರೂ ಒಂದು ಗಳಿಗೆ ಬೇರೆ ಕಡೆ ನೋಡಿದ್ರೆ? ನಾನು ಮಗನಿಗೆ ಹೇಳ್ತೀನಿ. ಇವತ್ತೇ ಹೇಳ್ತೀನಿ."

"ಹೇಳು. ಹೇಳಿ ನನ್ನನ್ನ ಒಂದು ಮೂಲೇಲಿ ಕುಕ್ಕರಿಸು. ಮೂರು ಹೊತ್ತು ಹನಿ ಹಾಕು, ಎರಡು ಹೊತ್ತು ಅನ್ನ ಹಾಕು. ಅಷ್ಟೇ ತಾನೇ ಬೇಕಾಗಿರೋದು ನಿನಗೆ? ದಿನಾ ನಿನ್ನ ಬಡಬಡಿಕೆ ಕೇಳಿ ಕೇಳಿ ಕಿವೀನೂ ಹೋಗೋ ಹಾಗಿದೆ. ನಾನು ಸ್ಟೀರಿಂಗ್ ಹಿಡಿದಾಗ ನೀನು ಹುಟ್ಟಿದ್ಯೋ ಇಲ್ವೋ! ಸ್ವಲ್ಪ ಬಾಯಿ ಮುಚ್ಕೊಂಡಿರೋದು ಕಲಿ."

ಆ ಮನೆಯಲ್ಲಿ ಜಗಳಕ್ಕೊಂದು ಕ್ರಮವಿತ್ತು. ಬ್ರೆಡ್ಡಣ್ಣ ಕೂಗಾಡುವುದು, ಬ್ರೆಡ್ಡಕ್ಕ ಮಾತು ಬಿಡುವುದು. ಮದುವೆಯಾದ ಹೊಸತರಲ್ಲಿ ಶುರುವಾದ ಪದ್ಧತಿ ಅದು. ಅವಳು ಹೊತ್ತಿಗೆ ಸರಿಯಾಗಿ ಊಟ ಬಡಿಸುವಳು, ಬಟ್ಟೆ ಮಡಚಿಡುವಳು, ಆದರೆ ತುಟಿ ಬಿಚ್ಚುವವಳಲ್ಲ. ಅವನಿಗೆ ಒಂದು ದಿನ ತಡೆಯುವುದು ಕಷ್ಟ, ಎರಡನೇ ದಿನ ಸಾಧ್ಯವೇ ಇಲ್ಲ. ಆಗ ಒಂದು ಚಿಪ್ಪು ಬಾಳೆಹಣ್ಣು ತಂದು ಅವಳ ಪಕ್ಕದಲ್ಲಿಡುವನು. ಅವಳು ಒಂದು ಹಣ್ಣು ಸುಲಿದರೆ ಜಗಳ ಮುಗಿಯಿತೆಂದು ಲೆಕ್ಕ. ಇಷ್ಟು ವರ್ಷವೂ ಗೆದ್ದವಳು ಅವಳೇ.

ಮರುದಿನ ನಸುಕಿನಲ್ಲಿ ಇಬ್ಬರೂ ಮಾತಿಲ್ಲದೆ ವ್ಯಾನು ಹತ್ತಿದರು. ಅವನು ಕರೆಯಲಿಲ್ಲ, ಅವಳೂ ಮನೆಯಲ್ಲಿ ಉಳಿಯಲಿಲ್ಲ. ಬೇಕರಿಯಲ್ಲಿ ಕ್ರೇಟುಗಳು ಚಾವಣಿಯವರೆಗೂ ತುಂಬಿದವು. ವ್ಯಾನು ಹೊರಟಿತು. ಅವಳು ಬುಟ್ಟಿಯಲ್ಲಿ ಮುಖವಿಟ್ಟು ಬಟಾಣಿ ಸುಲಿಯುತ್ತಿದ್ದಳು. ಬಾಯಿ ಮುಚ್ಚಿಕೊಂಡಿರೋದು ಕಲಿ ಅಂದಿದ್ದನಲ್ಲ, ಕಲಿತಿದ್ದೇನೆ, ನೋಡಲಿ.

ದೊಡ್ಡ ರಸ್ತೆ ಕಳೆಯಿತು, ಏನೂ ಆಗಲಿಲ್ಲ. ಮೊದಲ ಅಂಗಡಿ ಬಂತು, ಹೋಯಿತು. ಬ್ರೆಡ್ಡಣ್ಣ ಬೇಕೆಂದೇ ಸಣ್ಣಗೆ ಶಿಳ್ಳೆ ಹಾಕತೊಡಗಿದ. ಬಟಾಣಿ ಪಟ್ ಪಟ್ ಎಂದು ಬುಟ್ಟಿಗೆ ಬೀಳುತ್ತಿತ್ತು.

ಕ್ಷೌರದಂಗಡಿಯ ತಿರುವಿನಲ್ಲಿ ವ್ಯಾನು ಎಡಕ್ಕೆ ಹೊರಳಬೇಕು. ಕ್ಷೌರಿಕ ಅಂಗಡಿ ತೆರೆಯುವ ಮೊದಲು ಅಲ್ಲಿ ಮಗಳಿಗೆ ಸೈಕಲ್ಲು ಕಲಿಸುತ್ತಿದ್ದ. ಸೀಟಿನ ಹಿಂಭಾಗ ಹಿಡಿದು ಅವನು ಓಡುತ್ತಿದ್ದ. ಹುಡುಗಿ ಹ್ಯಾಂಡಲ್ಲನ್ನು ಆ ಕಡೆ ಈ ಕಡೆ ತಿರುಗಿಸುತ್ತ ನಗುತ್ತಿದ್ದಳು. ತಲೆಯೆತ್ತಿದ ಬ್ರೆಡ್ಡಕ್ಕನಿಗೆ ಅವರಿಬ್ಬರೂ ಕಂಡರು. ಚೆನ್ನಾಗಿಯೇ ಕಂಡರು. ಬಾಯಿ ತೆರೆಯಲು ಅವಳಿಗೆ ಒಂದು ಬಟಾಣಿ ಸುಲಿಯುವಷ್ಟು ಹೊತ್ತು ಹಿಡಿಯಿತು. ಅವನೇ ಕೇಳಲಿ ಎಂದು ಅವಳು ಅಂದುಕೊಂಡದ್ದೂ ಅಷ್ಟೇ ಹೊತ್ತು.

"ಮಗೂ!"

ಬ್ರೇಕು ಕಿರುಚಿತು. ಹಿಂದಿನ ಕ್ರೇಟುಗಳು ಜಾರಿ ಬಂದು ಅವರ ಬೆನ್ನಿನ ಹಿಂದಿನ ತಗಡಿಗೆ ಬಡಿದವು. ಬಟಾಣಿಯೆಲ್ಲ ಕಾಲ ಬಳಿ ಚೆಲ್ಲಿತು. ಅವಳು ಬಾಗಿಲು ತೆರೆದು ಇಳಿದಾಗ ಸೈಕಲ್ಲಿನ ಹಿಂದಿನ ಚಕ್ರ ವ್ಯಾನಿನ ಚಕ್ರದಡಿ ಹಪ್ಪಳವಾಗಿತ್ತು. ಕ್ಷೌರಿಕ ಮಗಳನ್ನು ತೋಳು ಹಿಡಿದು ಎಳೆದುಕೊಂಡಿದ್ದರಿಂದ ಅವಳು ಅವನ ಮೇಲೆ ಬಿದ್ದಿದ್ದಳು. ಮೊಣಕಾಲು ತರಚಿತ್ತು, ಅಷ್ಟೇ. ಹುಡುಗಿ ಅಳುತ್ತಲೂ ಇರಲಿಲ್ಲ, ಸೈಕಲ್ಲನ್ನು ನೋಡುತ್ತಿದ್ದಳು.

ಕ್ಷೌರಿಕ ಮಗಳನ್ನು ಎಬ್ಬಿಸಿಕೊಂಡು ಎದ್ದ. "ತಪ್ಪಾಯ್ತು ಬ್ರೆಡ್ಡಣ್ಣ. ನಾವೇ ಅಡ್ಡ ಬಂದ್ವಿ. ತಿರುವಲ್ಲಿ ಕಲಿಸಬಾರದಿತ್ತು ನಾನು."

ಬ್ರೆಡ್ಡಣ್ಣನ ಮುಖ ಸುಣ್ಣದಂತಾಗಿತ್ತು. ಆಮೇಲೆ ಅವನಿಗೆ ದನಿ ಬಂತು.

"ರಸ್ತೆ ಏನು ಆಟದ ಮೈದಾನಾನೇನಯ್ಯಾ? ಮಕ್ಕಳನ್ನ ಹೀಗೆ ಬಿಡ್ತಾರಾ? ನಾನಾಗಿದ್ದಕ್ಕೆ ಬ್ರೇಕ್ ಹಿಡಿದೆ."

"ಹೌದಣ್ಣ. ಹೌದು. ದೇವರ ಹಾಗೆ ನಿಲ್ಲಿಸಿದ್ರಿ."

ಬ್ರೆಡ್ಡಕ್ಕ ಅಲ್ಲೇ ನಿಂತಿದ್ದಳು. ಈಗ ಅವಳ ಬಾಯಿ ಕಟ್ಟಿದ್ದು ಜಗಳದಿಂದಲ್ಲ.

ಉಳಿದ ದಾರಿಯಲ್ಲೆಲ್ಲ ಅವಳು ಕಾಗೆ ಗುಬ್ಬಿಯನ್ನೂ ಬಿಡದೆ ಕೂಗಿದಳು. ಅವನು ಪ್ರತಿಯೊಂದಕ್ಕೂ ಹ್ಞೂಂ ಎಂದ. ಕೊನೆಯ ಅಂಗಡಿಯಲ್ಲಿ ಇಳಿದು ಹೋಗಿ ಒಂದು ಚಿಪ್ಪು ಬಾಳೆಹಣ್ಣು ತಂದು ಅವಳ ಬುಟ್ಟಿಯ ಮೇಲಿಟ್ಟ. ಅವಳು ಮುಟ್ಟಲಿಲ್ಲ.

ಅಂದು ಅಂಗಡಿಗಳಿಗೆ ವಾರದ ಅರ್ಧ ದಿನದ ರಜೆ. ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತಿದ್ದರು. ಪುಟ್ಟಿ ನಾಳೆ ಯಾವ ಸ್ವೆಟರು ಎಂದು ಕೇಳುತ್ತಿದ್ದಳು.

"ಪುಟ್ಟಿ ವ್ಯಾನು ಹತ್ತಕೂಡದು," ಎಂದಳು ಬ್ರೆಡ್ಡಕ್ಕ.

"ಮತ್ತೆ ಶುರುವಾಯ್ತು ಸೀಟಿನ ಕಥೆ," ಎಂದಳು ಸೊಸೆ.

"ನಿಮ್ಮ ಮಾವನಿಗೆ ಎಡಗಣ್ಣು ಕಾಣಲ್ಲ. ಬಲಗಣ್ಣು ಸೂಜಿ ಕಣ್ಣಷ್ಟು. ಗಾಡಿ ಬಿಡಬೇಕು ಅಂತ ಡಾಕ್ಟರು ಹೇಳಿ ತಿಂಗಳುಗಳಾದ್ವು. ನಾನು ಅಲ್ಲಿ ಕೂತಿರೋದು ಮಹಾರಾಣಿ ಅಂತಲ್ಲ. ಅವರ ಎಡಗಣ್ಣು ಅಂತ."

ಬ್ರೆಡ್ಡಣ್ಣ ಎದ್ದು ಹೋಗಲು ನೋಡಿದ. ಎಡಕ್ಕಿದ್ದ ಸ್ಟೂಲು ಅವನ ಕಾಲಿಗೆ ತಗುಲಿ ಉರುಳಿತು. ಅವಳು ಹೇಳಿದ್ದಕ್ಕೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಬೆಳಗ್ಗೆ ನಡೆದದ್ದನ್ನೂ ಅವಳು ಹೇಳಿದಳು. ಮಾತು ಬಿಟ್ಟದ್ದನ್ನು ಹೇಳಿದಳು. ತನಗೆ ಮಗು ಕಂಡಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ.

"ಥೂ!" ಎಂದ ಮಗ. ಅಪ್ಪನಿಗೆ ಅಂಥ ಮಾತನ್ನು ಅವನು ಹಿಂದೆಂದೂ ಆಡಿದವನಲ್ಲ. "ಟೈರು ಸವೆದಿದ್ರೆ ಗಾಡಿ ರಸ್ತೆಗೆ ಇಳಿಸಬೇಡಿ ಅಂತ ದಿನಾ ಕಂಡೋರಿಗೆ ಬುದ್ಧಿ ಹೇಳ್ತೀನಿ ನಾನು. ನಮ್ಮ ಮನೇಲೇ... ಒಂದು ತಿಂಗಳ ಬಾಡಿಗೆಗೋಸ್ಕರ?"

"ನಿನ್ನ ಮಗಳ ಫೀಸಿಗೋಸ್ಕರ," ಎಂದು ಬ್ರೆಡ್ಡಣ್ಣ ಗುಡುಗಿದ. "ನಿನ್ನ ಸಂಬಳದಲ್ಲಿ ಆಗತ್ತಾ ಅದು? ಹೇಳು, ಆಗತ್ತಾ?"

"ಆಗದಿದ್ರೆ ಬೇರೆ ಶಾಲೆಗೆ ಸೇರಿಸ್ತಿದ್ದೆ!"

ಸೊಸೆ ಕೂಗಲಿಲ್ಲ. ಅನ್ನದ ಕೈಯನ್ನು ಹಾಗೇ ಹಿಡಿದು ಅತ್ತೆಯನ್ನು ನೋಡಿದಳು. "ನಮ್ಮ ಪುಟ್ಟಿ ಕೂರ್ತಾಳೆ ಅಂದಾಗ ನಿಮಗೆ ಎದೆ ಹೊಡ್ಕೊಂಡಿತು. ಬೀದೀಲಿರೋ ಮಕ್ಕಳೆಲ್ಲ ಯಾರ ಪುಟ್ಟಿಯರು ಅತ್ತೆ?"

ಮಗ ಗೋಡೆಯ ಮೊಳೆಯಿಂದ ವ್ಯಾನಿನ ಕೀ ತೆಗೆದು ಜೇಬಿಗೆ ಹಾಕಿಕೊಂಡ.

ಅವನೇ ಹೋಗಿ ಬೇಕರಿ ಯಜಮಾನನಿಗೆ ನಿಜ ಹೇಳಿದ. ಯಜಮಾನ ಕೂಗಾಡಿ, ಆಮೇಲೆ ತಣ್ಣಗಾಗಿ, ಈ ರಜೆ ಮುಗಿಯುವವರೆಗೆ ನೀನು ಮಾಲು ಹಾಕು, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ, ಹೆಚ್ಚಿನ ಬಾಡಿಗೆಯ ಮಾತು ಮಾತ್ರ ಎತ್ತಬೇಡ ಎಂದ. ಮಗ ನಸುಕಿನಲ್ಲಿ ಬ್ರೆಡ್ಡು ಹಾಕಿ, ಸ್ನಾನವಿಲ್ಲದೆ ಟೈರು ಅಂಗಡಿಗೆ ಓಡುತ್ತಿದ್ದ. ಯಾವ ಅಂಗಡಿಗೆ ಎಷ್ಟು ಎಂಬುದು ಅವನಿಗೆ ತಿಳಿಯದ್ದರಿಂದ ಬ್ರೆಡ್ಡಕ್ಕ ಎಡಗಡೆಯ ಸೀಟಿನಲ್ಲೇ ಕೂತಳು.

"ಸೈಕಲ್ಲು," ಎಂದಳು ಮೊದಲ ತಿರುವಿನಲ್ಲಿ. "ಹೋಗ್ಲಿ, ಹೋಗ್ಲಿ... ನಾಯಿ."

"ಅಮ್ಮಾ, ನಂಗೆ ಕಾಣತ್ತೆ," ಎಂದ ಮಗ.

ಅವಳು ಬಾಯಿ ಮುಚ್ಚಿದಳು. ಕೈಗೆ ಬಟಾಣಿ ಇತ್ತು, ಬಾಯಿಗೆ ಮಾತ್ರ ಏನೂ ಕೆಲಸವಿರಲಿಲ್ಲ.

ಮನೆಯಲ್ಲಿ ಈಗ ಮಾತು ಬಿಟ್ಟವನು ಬ್ರೆಡ್ಡಣ್ಣ. ಹೆಂಡತಿ ಹನಿ ಹಾಕಲು ಬಂದರೆ ತಲೆ ಹಿಂದಕ್ಕೆ ಒರಗಿಸುವನು. ಹಾಕಿದ ಮೇಲೆ ಗೋಡೆಯ ಕಡೆ ತಿರುಗುವನು. ಅವಳು ಒಮ್ಮೆ ತಾನೇ ಬಾಳೆಹಣ್ಣು ತಂದು ಅವನ ಪಕ್ಕದಲ್ಲಿಟ್ಟಳು. ಹಣ್ಣು ಕಪ್ಪಾಗಿ, ಕೊನೆಗೆ ಪುಟ್ಟಿ ಹಸುವಿಗೆ ಹಾಕಿಬಂದಳು. ಅಚ್ಚರಿಯೆಂದರೆ ಅವನ ಕಡೆ ನಿಂತವಳು ಸೊಸೆ. ನಿಂತದ್ದೂ ಅವಳದೇ ರೀತಿಯಲ್ಲಿ, ಕೂಗಾಡುತ್ತ.

"ಯಾರ್ರೀ ಚಪ್ಪಲಿ ದಾರೀಲಿ ಬಿಟ್ಟಿರೋದು? ಮಾವ ಬಿದ್ದು ಹಲ್ಲು ಉದುರಿದ್ರೆ ಹಲ್ಲು ಕಟ್ಟಿಸೋರು ಯಾರು? ಪುಟ್ಟೀ, ಆ ಸ್ಟೂಲು ಗೋಡೆಗೆ ಸೇರಿಸು! ಮಾವಾ, ಲೋಟ ನಿಮ್ಮ ಮೂಗಿನ ನೇರಕ್ಕೇ ಇದೆ. ತಡಕಾಡಬೇಡಿ, ಕೈ ಚಾಚಿ."

ರಜೆ ಮುಗಿಯುತ್ತ ಬಂತು. ಬ್ರೆಡ್ಡಣ್ಣನ ಕೂದಲು ಕಿವಿ ಮುಚ್ಚಿತು. "ಕರಡಿ ಥರ ಆಗಿದೀರ, ಕಟಿಂಗ್ ಮಾಡಿಸ್ಕೊಂಡು ಬನ್ನಿ," ಎಂದು ಸೊಸೆ ದಿನಾ ಅನ್ನುತ್ತಿದ್ದಳು. ಅವನು ಕೇಳದವನಂತೆ ಕೂರುತ್ತಿದ್ದ. ಒಂದು ಬೆಳಗ್ಗೆ ತಾನಾಗಿ ಅಂಗಿ ತೊಟ್ಟು ಬಾಗಿಲ ಬಳಿ ನಿಂತ. ಬ್ರೆಡ್ಡಕ್ಕ ಆಗಷ್ಟೇ ವ್ಯಾನಿನಿಂದ ಇಳಿದು ಬಂದಿದ್ದಳು.

"ಕ್ಷೌರದಂಗಡಿಗೆ ಹೋಗ್ಬೇಕು," ಎಂದ ಗಾಳಿಗೆ ಹೇಳುವವನಂತೆ. "ಎಡಗಡೆ ನಡಿ."

ಅವಳು ಎಡಗಡೆ ನಡೆದಳು. "ಚರಂಡಿ. ಕಲ್ಲು. ಮೆಟ್ಟಿಲು, ಎರಡು." ಅವನು ಹ್ಞೂಂ ಅನ್ನಲಿಲ್ಲ, ಆದರೆ ಹೇಳಿದಲ್ಲೆಲ್ಲ ಕಾಲೆತ್ತಿದ.

ಕ್ಷೌರಿಕ ಒಬ್ಬನ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದ. "ಬನ್ನಿ ಬ್ರೆಡ್ಡಣ್ಣ, ಕೂತ್ಕೊಳ್ಳಿ. ಮಗ ಗಾಡಿ ಓಡಿಸ್ತಿದಾನಂತೆ, ಆರಾಮಾಗಿದೀರ."

"ಕೂರೋಕೆ ಬರ್ಲಿಲ್ಲ," ಎಂದ ಬ್ರೆಡ್ಡಣ್ಣ. "ಅವತ್ತು ನೀನು ಅಡ್ಡ ಬರಲಿಲ್ಲ ಕಣಯ್ಯ. ನನಗೆ ಕಾಣಲಿಲ್ಲ. ಈ ಕಣ್ಣು ಹೋಗಿ ಎಷ್ಟೋ ತಿಂಗಳಾಗಿದೆ. ಗೊತ್ತಿದ್ದೂ ಓಡಿಸ್ತಿದ್ದೆ. ಮೇಲಿಂದ ನಿನ್ನನ್ನೇ ಬೈದೆ."

ಕ್ಷೌರಿಕನ ಕೈಯ ಬ್ರಷ್ಷು ನಿಂತಿತು. ನೊರೆ ಹಚ್ಚಿಸಿಕೊಂಡವನು ಕನ್ನಡಿಯಲ್ಲಿ ಕಣ್ಣು ಬಿಟ್ಟ.

"ಅವತ್ತು ಸಾಯಂಕಾಲ ನನ್ನ ಮಗಳಿಗೆ ಹೊಡೆದೆ," ಎಂದ ಕ್ಷೌರಿಕ ನಿಧಾನವಾಗಿ. "ಅಷ್ಟು ದೊಡ್ಡ ಗಾಡಿ ಬರೋದು ನಿನಗೆ ಕಾಣಲ್ವಾ ಅಂತ ಕೇಳಿ ಕೇಳಿ ಹೊಡೆದೆ."

"ನನಗೆ ಕಂಡಿತ್ತು," ಎಂದಳು ಬ್ರೆಡ್ಡಕ್ಕ.

ಇಬ್ಬರೂ ಅವಳ ಕಡೆ ತಿರುಗಿದರು.

"ಪಕ್ಕದಲ್ಲೇ ಕೂತಿದ್ದೆ ನಾನು. ಮಗೂನ ನೋಡಿದೆ. ಇವರ ಮೇಲೆ ಸಿಟ್ಟಿತ್ತು, ಹೇಳೋದು ತಡ ಮಾಡಿದೆ. ಇವರಿಗೆ ಕಾಣಲಿಲ್ಲ. ನನಗೆ ಕಂಡಿತ್ತು."

ಬ್ರೆಡ್ಡಣ್ಣ ಇಡೀ ಮೈ ಹೊರಳಿಸಿ, ಉಳಿದ ಆ ಒಂದು ಕಣ್ಣಿನ ನೇರಕ್ಕೆ ಅವಳ ಮುಖ ಬರುವಂತೆ ನಿಂತು, ಬಹಳ ಹೊತ್ತು ನೋಡಿದ.

"ನೀವಿಬ್ರೂ ಹೋಗಿ," ಎಂದ ಕ್ಷೌರಿಕ. ದನಿ ಎತ್ತಲಿಲ್ಲ. "ಇನ್ನು ಇಲ್ಲಿಗೆ ಬರಬೇಡಿ."

ಹಿಂತಿರುಗುವ ದಾರಿಯಲ್ಲಿ ಅವಳು ಚರಂಡಿ ಎಂದಳು. ಕಲ್ಲು ಎಂದಳು. ತಿರುವಿನಲ್ಲಿ ಆಟವಾಡುತ್ತಿದ್ದವರನ್ನು ಕಂಡು, "ಮಕ್ಕಳು," ಎಂದಳು.

"ಹ್ಞೂಂ," ಎಂದ ಅವನು.

ಅಂದು ಸಂಜೆ ಸೊಸೆಯೇ ಮಾವನನ್ನು ಹಿತ್ತಲಲ್ಲಿ ಕೂರಿಸಿ, ಹಳೆಯ ಸೀರೆ ಹೊದಿಸಿ, ಬಟ್ಟೆ ಕತ್ತರಿಸುವ ಕತ್ತರಿಯಿಂದ ಕೂದಲು ಕತ್ತರಿಸಿದಳು. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ ಆಯಿತು. ಪುಟ್ಟಿ ಹೊಟ್ಟೆ ಹಿಡಿದು ನಕ್ಕಳು.

ಹೊಸ ವರ್ಷದ ಮೊದಲ ವಾರ ವ್ಯಾನನ್ನು ಮಾರಿದರು. ಎಡಗಡೆಯ ನೆಗ್ಗುಗಳನ್ನು ತೋರಿಸಿ ಕೊಂಡವನು ಬೆಲೆ ಇಳಿಸಿದ. ಬಂದ ಹಣದಲ್ಲಿ ಒಂದು ಸೈಕಲ್ಲು ಕೊಂಡು ಮಗ ಕ್ಷೌರಿಕನ ಮನೆಗೆ ಕೊಟ್ಟು ಬಂದ. ಕ್ಷೌರಿಕ ತೆಗೆದುಕೊಂಡ. ಮುಂದಿನ ತರಗತಿಗೆ ಪುಟ್ಟಿ ಫೀಸು ಕಡಿಮೆಯಿರುವ ಶಾಲೆಗೆ ಸೇರಿದಳು. ಬೇಕರಿಯ ಹೊಸ ಡ್ರೈವರನ್ನೇ ಬೀದಿಯವರು ಬ್ರೆಡ್ಡಣ್ಣ ಎಂದು ಕರೆಯತೊಡಗಿದರು. ಕ್ಷೌರದಂಗಡಿಯ ಬಾಗಿಲು ಅವರ ಪಾಲಿಗೆ ಮುಚ್ಚಿಯೇ ಉಳಿಯಿತು. ಎಡಗಣ್ಣು ಮೊದಲೇ ಹೋಗಿತ್ತು. ಹನಿ ತಪ್ಪಿಸದ್ದರಿಂದ ಬಲಗಣ್ಣಿನಲ್ಲಿ ಇದ್ದಷ್ಟು ಬೆಳಕು ಉಳಿಯಿತು.

ಕ್ಷೌರಿಕನ ಮಗಳು ಸೈಕಲ್ಲು ಕಲಿತಳು.